ಜುಲ್ಬಿಯಾ ಮತ್ತು ನಾನು ಕೊಟ್ಟ ತಪ್ಪು ಉತ್ತರ

ಒಂದು ಸ್ವಾತಂತ್ರ್ಯ ದಿನಾಚರಣೆಯಂದು ಧ್ವಜವಂದನೆ ಮುಗಿದು ಜಿಲೇಬಿ ಹಂಚುತ್ತಿದ್ದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬ, “ಸರ್, ಜಿಲೇಬಿ ಎಂದರೆ ಏನರ್ಥ?” ಎಂದು ಕೇಳಿದ. ಇತಿಹಾಸದ ಮೇಷ್ಟರಾದ ನಾನು ಕಿಂಚಿತ್ತೂ ಅಳುಕದೆ, “ಅದು ಸಂಸ್ಕೃತದ ಜಲವಲ್ಲಿಕಾ. ಅಪ್ಪಟ ನಮ್ಮ ನೆಲದ ತಿನಿಸು” ಎಂದುಬಿಟ್ಟೆ. ಆ ಉತ್ತರ ತಪ್ಪೆಂದು ಅರಿವಾದದ್ದು, ನಿವೃತ್ತಿಯ ನಂತರ ನಿಧಾನವಾಗಿ ಓದಲು ಕುಳಿತಾಗ.

ಪರ್ಷಿಯಾದಲ್ಲಿ, ಅಂದರೆ ಇಂದಿನ ಇರಾನಿನಲ್ಲಿ, ಇದರ ಹೆಸರು ಜುಲ್ಬಿಯಾ. ಪಿಷ್ಟಕ್ಕೆ ಮೊಸರು ಬೆರೆಸಿದ ತೆಳುವಾದ ಹಿಟ್ಟನ್ನು ಕಾದ ಎಣ್ಣೆಯ ಮೇಲೆ ಜಾಲರಿಯಂತೆ ಸುರಿದು ಕರಿಯುತ್ತಾರೆ. ಬಳಿಕ ಕೇಸರಿ, ಗುಲಾಬಿ ನೀರು ಸೇರಿದ ಸಕ್ಕರೆಯ ಪಾಕದಲ್ಲಿ ಅದ್ದುತ್ತಾರೆ. ನಮ್ಮದು ಸುರುಳಿ, ಅವರದು ಜಾಲರಿ. ಬಂಧುತ್ವ ಮಾತ್ರ ನೋಡಿದೊಡನೆ ತಿಳಿಯುತ್ತದೆ. ರಂಜಾನ್ ಮಾಸದ ಸಂಜೆ ಉಪವಾಸ ಮುಗಿಸುವಾಗ ಚಹಾದೊಡನೆ ಇದನ್ನು ಸವಿಯುವುದು ಅಲ್ಲಿನ ಸಂಪ್ರದಾಯ. ತಟ್ಟೆಯಲ್ಲಿ ಇದರ ಜೋಡಿ ‘ಬಾಮಿಯೆ’ ಎಂಬ ಇನ್ನೊಂದು ಕರಿದ ಸಿಹಿ. ಬಾಮಿಯೆ ಎಂದರೆ ಬೆಂಡೆಕಾಯಿ! ಆಕಾರದಿಂದ ಬಂದ ಹೆಸರಷ್ಟೆ. ಬೆಂಡೆಕಾಯಿ ಕಂಡರೆ ಮೂಗು ಮುರಿಯುವ ನನ್ನ ಮೊಮ್ಮಗಳು ಹೆದರಬೇಕಿಲ್ಲ.

10ನೆಯ ಶತಮಾನದಲ್ಲಿ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಬಾಗ್ದಾದಿನಲ್ಲಿ ಸಂಕಲಿಸಿದ ಅರಬ್ಬೀ ಪಾಕಗ್ರಂಥದಲ್ಲಿಯೇ ಇದರ ಬಂಧುವಾದ ಜಲಾಬಿಯಾ ಇದೆ. ಅಲ್ಲಿ ಕರಿದ ಜಾಲರಿಯನ್ನು ಅದ್ದುವುದು ಜೇನಿನಲ್ಲಿ. ನಮ್ಮ ಉಲ್ಲೇಖಗಳು ಬಹಳ ಈಚಿನವು. ಪುಣೆಯ ಭಂಡಾರ್ಕರ್ ಸಂಶೋಧನ ಸಂಸ್ಥೆಯ ವಿದ್ವಾಂಸ ಪಿ. ಕೆ. ಗೋಡೆಯವರು 1940ರ ದಶಕದಲ್ಲಿ ಜಿಲೇಬಿಯ ಚರಿತ್ರೆಯನ್ನೇ ಒಂದು ಪ್ರಬಂಧವಾಗಿಸಿದರು. ಜೈನ ಲೇಖಕ ಜಿನಸೂರನು ಸುಮಾರು 1450ರಲ್ಲಿ ರಚಿಸಿದ ‘ಪ್ರಿಯಂಕರನೃಪಕಥಾ’ದ ಔತಣವೊಂದರಲ್ಲಿ ಜಿಲೇಬಿ ಬಡಿಸಿರುವುದನ್ನು ಅವರು ಗುರುತಿಸಿದರು. ಬಾಗ್ದಾದಿನ ಗ್ರಂಥಕ್ಕೂ ಇದಕ್ಕೂ ಸುಮಾರು ಐನೂರು ವರ್ಷಗಳ ಅಂತರ!

ಹೆಸರೂ ಅದನ್ನೇ ನುಡಿಯುತ್ತದೆ. ಪರ್ಷಿಯನ್ನಿನ ಆ ಗುಂಯ್‌ಗುಡುವ ಜಕಾರ ನಮ್ಮ ವರ್ಣಮಾಲೆಯಲ್ಲಿಲ್ಲ. ಜಮೀನು, ಜಿಲ್ಲೆ, ಬಜಾರು ಮೊದಲಾದ ಪದಗಳಲ್ಲಿ ಅದು ನಮ್ಮ ‘ಜ’ ಆಗಿ ಒಗ್ಗಿಕೊಂಡಿತು. ಜಿಲೇಬಿಯಲ್ಲಿ ಆದದ್ದೂ ಅದೇ. ‘ಜಲವಲ್ಲಿಕಾ’ ಎಂಬುದು ಬಂದ ಅತಿಥಿಗೆ ಪಂಡಿತರು ಹೊದಿಸಿದ ಶಾಲು ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದ ಹುಡುಗನ ಹೆಸರು ಮರೆತಿದ್ದೇನೆ. ಈಗ ನಲವತ್ತು ದಾಟಿರಬೇಕು. ಇದನ್ನು ಓದುತ್ತಿದ್ದರೆ, ಅಂದಿನ ಉತ್ತರವನ್ನು ಹೊಡೆದುಹಾಕಿ ‘ಜುಲ್ಬಿಯಾ’ ಎಂದು ತಿದ್ದಿಕೊಳ್ಳಪ್ಪಾ.