ಚೌಕಾಬಾರ ಆಡುವ ಯಂತ್ರಕ್ಕೆ ‘ಬಾರ’ ಎಂದರೆ ಎಷ್ಟು?

ಚೌಕಾಬಾರದಲ್ಲಿ ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಅಂದರೆ 8. ಆದರೆ ಹಿಂದಿ, ಮರಾಠಿಗಳಲ್ಲಿ ಇದೇ ಪದಕ್ಕೆ ಹನ್ನೆರಡು ಎಂಬ ಅರ್ಥವಿದೆ. ಏಳು ಸಾಲಿನ ಪಟದಲ್ಲಿ ಆರು ಕವಡೆ ಹಿಡಿದು ಆಡುವವರಿಗೂ ಬಾರ ಎಂದರೆ 12. ಜಗಲಿಯಲ್ಲಿ ಅಜ್ಜಿಯ ಎದುರು ಕುಳಿತು ಕಲಿತ ಮಗುವಿಗೆ ಇದರಲ್ಲಿ ಗೊಂದಲವಿಲ್ಲ. ಕೃತಕ ಬುದ್ಧಿಮತ್ತೆಯ ಏಜೆಂಟ್ ಆಡಲು ಕುಳಿತಾಗ ಈ ಒಂದು ಪದವೇ ಇಡೀ ಆಟವನ್ನು ಕೆಡಿಸಬಲ್ಲದು.

ಏಜೆಂಟ್ ಎಂದರೆ ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿಗಳಂತಹ ಭಾಷಾ ಮಾದರಿಗೆ ಕೈಕಾಲು ಜೋಡಿಸಿದ ತಂತ್ರಾಂಶ. ಮಾದರಿಯು ತಾನಾಗಿ ಕವಡೆ ಎಸೆಯಲಾರದು, ಕಾಯಿ ಸರಿಸಲಾರದು. ಆ ಕೆಲಸಗಳಿಗೆ ಬೇರೆ ಬೇರೆ ‘ಸಾಧನ’ಗಳನ್ನು ಅದರ ಕೈಗೆ ಕೊಡಲಾಗುತ್ತದೆ. ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ಮಾನದಂಡದಲ್ಲಿ ಸಾಧನಕ್ಕೆ ಒಂದು ಹೆಸರು, ಒಂದು ವಿವರಣೆ, ಅದು ಬಯಸುವ ಮಾಹಿತಿಯ ನಮೂನೆ ಇರುತ್ತವೆ. ಸಾಧನದ ಒಳಗಿರುವ ಪ್ರೋಗ್ರಾಂ ಮಾದರಿಗೆ ಕಾಣುವುದಿಲ್ಲ. ಅದಕ್ಕೆ ಓದಲು ಸಿಗುವುದು ಈ ನಾಲ್ಕಾರು ಸಾಲುಗಳಷ್ಟೇ.

ನಿಯಮ ಕೈತಪ್ಪಿದರೆ ಏನಾಗುತ್ತದೆ ಎಂಬುದು ಚದುರಂಗದಲ್ಲಿಯೇ ಕಂಡಿದೆ. ಗೂಗಲ್ ಒಡೆತನದ ಕಾಗಲ್ ತಾಣವು 2025ರ ಆಗಸ್ಟ್‌ನಲ್ಲಿ ಭಾಷಾ ಮಾದರಿಗಳ ನಡುವೆ ಪ್ರದರ್ಶನ ಪಂದ್ಯಾವಳಿ ನಡೆಸಿತು. ನಿಯಮಬದ್ಧ ನಡೆಗಳ ಪಟ್ಟಿಯನ್ನು ಕೊಟ್ಟಿರಲಿಲ್ಲ. ತಪ್ಪು ನಡೆ ಹೇಳಿದರೆ ಮೂರು ಮರುಪ್ರಯತ್ನ, ಅಲ್ಲಿಯೂ ತಪ್ಪಿದರೆ ಸೋಲು. ಕಿಮಿ ಕೆ2 ಮಾದರಿಯು ಓ3 ಎದುರು ನಾಲ್ಕೂ ಆಟಗಳನ್ನು ಹೀಗೆಯೇ ಕಳೆದುಕೊಂಡಿತು. ಗ್ರಂಥಾಲಯಗಳನ್ನೇ ತುಂಬುವಷ್ಟು ಬರಹವಿರುವ ಚದುರಂಗದ ಪಾಡು ಇದಾದರೆ, ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದ ಚೌಕಾಬಾರದ ಗತಿಯೇನು? ವಿವರಣೆ ಬಿಟ್ಟ ಜಾಗವನ್ನು ಮಾದರಿಯು ಲೂಡೋ ನಿಯಮಗಳಿಂದ ತುಂಬಿಕೊಳ್ಳುವ ಸಾಧ್ಯತೆಯೇ ಹೆಚ್ಚು.

‘ಕವಡೆ ಎಸೆಯುತ್ತದೆ’ ಎಂದಷ್ಟೇ ಬರೆದ ವಿವರಣೆಯಿಂದ ಪ್ರಯೋಜನವಿಲ್ಲ. ಅದು ಹೀಗಿರಬೇಕಾಗುತ್ತದೆ: ‘ನಾಲ್ಕು ಕವಡೆ ಎಸೆದು ಫಲ ತಿಳಿಸುತ್ತದೆ. ಬಾಯಿ ಮೇಲಾದ ಕವಡೆಗಳ ಎಣಿಕೆಯೇ ಫಲ. ಎಲ್ಲವೂ ಬೋರಲಾದರೆ 8. ಆದ್ದರಿಂದ ಫಲವು 1, 2, 3, 4, 8 ಇವುಗಳಲ್ಲಿ ಒಂದು. 4 ಅಥವಾ 8 ಬಿದ್ದರೆ ಇನ್ನೊಂದು ಎಸೆತ ದೊರೆಯುತ್ತದೆ. ಈ ಸಾಧನ ಕಾಯಿ ನಡೆಸುವುದಿಲ್ಲ. ಫಲವನ್ನು ನೀವೇ ಊಹಿಸಬೇಡಿ.’ ಕೊನೆಯ ವಾಕ್ಯ ಹಾಸ್ಯಕ್ಕೆ ಸೇರಿಸಿದ್ದಲ್ಲ. ಸಾಧನವನ್ನು ಕರೆಯದೆಯೇ ‘ಎಂಟು ಬಿತ್ತು’ ಎಂದು ಘೋಷಿಸುವ ಚಾಳಿ ಭಾಷಾ ಮಾದರಿಗಳಿಗುಂಟು. (ಮನೆಯ ಕಿರಿಯರಿಗೂ ಉಂಟು!)

ಮನೆಗಳನ್ನು ಗುರುತಿಸುವುದು ಇದಕ್ಕಿಂತ ಕಷ್ಟದ ಕೆಲಸ. ಐದು ಸಾಲಿನ ಪಟದಲ್ಲಿ 25 ಮನೆಗಳು: ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಹಣ್ಣಾಗುವ ಮನೆ. ಪ್ರತಿ ಆಟಗಾರನೂ ತನ್ನ ಕಟ್ಟೆಯಿಂದ ಹೊರಡುವುದರಿಂದ ಒಬ್ಬನ 3ನೆಯ ಮನೆ ಎದುರು ಕುಳಿತವನಿಗೆ 11ನೆಯದು. ‘ಮನೆಯ ಸಂಖ್ಯೆ ಕೊಡಿ’ ಎಂದು ಕೇಳುವ ಸಾಧನ ಯಾರ ಎಣಿಕೆಯಲ್ಲಿ ಎಂದು ಹೇಳದಿದ್ದರೆ, ಹೊಡೆಯಬೇಕಾದ ಕಾಯಿ ಬದುಕಿಕೊಳ್ಳುತ್ತದೆ. ‘ಆಡುವವರ ಕಟ್ಟೆ 0, ಹೊರಸುತ್ತು ಅಪ್ರದಕ್ಷಿಣವಾಗಿ 15ರವರೆಗೆ, ಒಳಸುತ್ತು ಪ್ರದಕ್ಷಿಣವಾಗಿ 16ರಿಂದ 23, ನಡುಮನೆ 24, ಹೊರಸುತ್ತಿನ 0, 4, 8, 12ರಲ್ಲಿ ಕಾಯಿ ಹೊಡೆಯುವಂತಿಲ್ಲ’ ಎಂದು ಬರೆದರೆ ತಕರಾರು ಮುಗಿಯಿತು. ಇನ್ನೂ ಒಳ್ಳೆಯದೆಂದರೆ ಮನೆಯ ಬದಲು ನಾಲ್ಕು ಕಾಯಿಗಳಲ್ಲಿ ಯಾವುದು ಎಂದಷ್ಟೇ ಕೇಳಿ, ಲೆಕ್ಕವನ್ನು ಸಾಧನವೇ ಮಾಡುವುದು. ಆಗ ತಪ್ಪುವ ಅವಕಾಶವೇ ಕಡಿಮೆ.

ತಪ್ಪಿದಾಗ ಬರುವ ಉತ್ತರವೂ ವಿವರಣೆಯ ಭಾಗವೇ. ‘ಅಮಾನ್ಯ ನಡೆ’ ಎಂದು ಹೇಳಿ ಸುಮ್ಮನಾದರೆ ಏಜೆಂಟ್ ಅದೇ ನಡೆಯನ್ನು ಮತ್ತೆ ಒಪ್ಪಿಸಬಹುದು. ‘ನೀವು ಇನ್ನೂ ಎದುರಾಳಿಯ ಕಾಯಿ ಹೊಡೆದಿಲ್ಲ, ಆದ್ದರಿಂದ ಒಳಸುತ್ತಿಗೆ ಪ್ರವೇಶವಿಲ್ಲ, ಈಗ 1 ಮತ್ತು 3ನೆಯ ಕಾಯಿಗಳನ್ನು ನಡೆಸಬಹುದು’ ಎಂಬ ಉತ್ತರ ದಾರಿ ತೋರಿಸುತ್ತದೆ.

ಇಷ್ಟಾದ ಮೇಲೂ ಉಳಿಯುವುದು ಊರೂರಿನ ಪದ್ಧತಿ. ಕನಕಪುರ ರಸ್ತೆಯ ಜರಗನಹಳ್ಳಿಯಂತಹ, ಬೆಂಗಳೂರು ತನ್ನೊಳಗೆ ಸೇರಿಸಿಕೊಂಡ ಹಳ್ಳಿಗಳಲ್ಲಿ ನಾನಾ ಜಿಲ್ಲೆಗಳ ಕುಟುಂಬಗಳು ಅಕ್ಕಪಕ್ಕ ನೆಲೆಸಿವೆ. ಒಬ್ಬರಿಗೆ ಚೌಕಾಬಾರ, ಇನ್ನೊಬ್ಬರಿಗೆ ಕಟ್ಟೆಮನೆ. ಎರಡು ಕಾಯಿ ಒಂದೇ ಮನೆ ಸೇರಿದರೆ ‘ಗಟ್ಟಿ’ ಎನ್ನುವವರುಂಟು, ಒಪ್ಪದವರೂ ಉಂಟು. ಕಾಯಿ ಹೊಡೆಯದೆಯೇ ಒಳಗೆ ಬಿಡುವ ಮನೆಗಳೂ ಇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ವನಿಧಿಯ ಕೌತುಕನಿಧಿಯಲ್ಲಿ ಪಟದ ಆಟಗಳಿಗೆ ಜಾಗ ಕೊಟ್ಟಿದ್ದರು. ಮೈಸೂರಿನಲ್ಲಿಯೇ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಇಂತಹ ಆಟಗಳನ್ನು ಮತ್ತೆ ಜನರ ಮುಂದೆ ತಂದಿದೆ. ಆದರೆ ಮನೆಮನೆಯ ಒಳನಿಯಮಗಳನ್ನು ಬರೆದಿಟ್ಟವರು ವಿರಳ. ತಂತ್ರಾಂಶ ಬರೆಯುವವರು ಯಾವುದೋ ಒಂದು ಪದ್ಧತಿಯನ್ನು ಆರಿಸಿ ಉಳಿದವನ್ನು ಅಳಿಸಬೇಕಾಗಿಲ್ಲ. ಆಟ ಆರಂಭಿಸುವ ಸಾಧನದಲ್ಲಿಯೇ ‘ಗಟ್ಟಿ ಇದೆಯೇ? ಹೊಡೆದ ಮೇಲೆಯೇ ಒಳಸುತ್ತೇ? ಹಣ್ಣಾಗಲು ನಿಖರ ಫಲ ಬೇಕೇ?’ ಎಂಬ ಮೂರು ಪ್ರಶ್ನೆ ಇಟ್ಟು, ಉತ್ತರ ಬರುವವರೆಗೆ ಕವಡೆ ಎಸೆಯಲು ಬಿಡದಿದ್ದರೆ ಸಾಕು.