ಕೈಗೆಟುಕಿದ ಯಂತ್ರ, ಮನೆಯಲ್ಲೇ ಸಂಗೀತ

1970ರ ದಶಕ ಮುಗಿಯುವವರೆಗೂ ಹಾಡೊಂದನ್ನು ಪದರ ಪದರವಾಗಿ ಧ್ವನಿಮುದ್ರಿಸಬೇಕೆಂದರೆ ಬಹುಮಟ್ಟಿಗೆ ದುಡ್ಡಿರುವ ಕಂಪನಿಯೊಂದು ಬೆನ್ನಿಗಿರಬೇಕಿತ್ತು. ಎರಡು ಇಂಚು ಅಗಲದ ಟೇಪು, ಅದರ ಮೇಲೆ 24 ಟ್ರ್ಯಾಕು, ಗೋಡೆಯುದ್ದದ ಮಿಕ್ಸರು, ಅದನ್ನು ನಡೆಸಲು ಒಬ್ಬ ಎಂಜಿನಿಯರು. ಇವೆಲ್ಲ ಸ್ಟುಡಿಯೊದ ಸೊತ್ತು, ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಹಾಡುಗಾರರು ಒಂದು ಕಣ್ಣನ್ನು ಗಡಿಯಾರದ ಮೇಲಿಟ್ಟೇ ಹಾಡಬೇಕಿತ್ತು. ತಪ್ಪಿದರೆ ಇನ್ನೊಮ್ಮೆ, ಸಾಲದಿದ್ದರೆ ಮತ್ತೊಮ್ಮೆ ಎನ್ನುವ ಸ್ವಾತಂತ್ರ್ಯ ಹೆಸರು ಮಾಡಿದವರಿಗೆ ಮಾತ್ರ ಇತ್ತು.

ಆ ಸ್ವಾತಂತ್ರ್ಯವನ್ನು ಮಲಗುವ ಕೋಣೆಗೆ ತಂದದ್ದು ಜಪಾನಿನ ಟಿಯಾಕ್ ಕಂಪನಿ. 1979ರಲ್ಲಿ ಅದು ಪೋರ್ಟಾಸ್ಟುಡಿಯೊ 144 ಎಂಬ ಯಂತ್ರವನ್ನು ಹೊರತಂದಿತು. ಭಾವಗೀತೆಗಳನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ ಅದೇ ಸಾಮಾನ್ಯ ಕ್ಯಾಸೆಟ್ ಇದರ ಹೊಟ್ಟೆಗೆ ಸಾಕು. ಕ್ಯಾಸೆಟ್ಟಿನ ಒಂದು ಬದಿಗೆ ಎರಡು, ಮಗ್ಗುಲು ಬದಲಿಸಿದರೆ ಇನ್ನೆರಡು, ಹೀಗೆ ಒಟ್ಟು ನಾಲ್ಕು ಟ್ರ್ಯಾಕುಗಳಿರುತ್ತವೆ. ಪೋರ್ಟಾಸ್ಟುಡಿಯೊ ಆ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸಿತು. ನಾದ ಸ್ಪಷ್ಟವಾಗಿರಲೆಂದು ಟೇಪಿನ ಓಟವನ್ನು ಎರಡು ಪಟ್ಟು ಹೆಚ್ಚಿಸಿತು. ಹೀಗಾಗಿ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸಿಗುತ್ತಿದ್ದದ್ದು 15 ನಿಮಿಷ ಮಾತ್ರ. ಆದರೆ ಆ 15 ನಿಮಿಷದಲ್ಲಿ ಒಬ್ಬರೇ ಮೊದಲು ಗಿಟಾರು ನುಡಿಸಿ, ಅದನ್ನು ಕೇಳುತ್ತ ಹಾಡಿ, ಅದರ ಮೇಲೆ ಇನ್ನೊಂದು ದನಿ, ಮತ್ತೊಂದು ವಾದ್ಯ ಸೇರಿಸಬಹುದಿತ್ತು. ನಾಲ್ಕು ಸಾಲದೆ ಹೋದರೆ ಮೂರು ಟ್ರ್ಯಾಕುಗಳನ್ನು ನಾಲ್ಕನೆಯದಕ್ಕೆ ಒಟ್ಟುಗೂಡಿಸಿ ಇಳಿಸಿ, ಖಾಲಿಯಾದ ಮೂರರಲ್ಲಿ ಮತ್ತೆ ಮುದ್ರಿಸಬಹುದಿತ್ತು. ಹಾಗೆ ಒಟ್ಟುಗೂಡಿಸಿದ್ದನ್ನು ಬಿಡಿಸಲು ಮಾತ್ರ ಆಗುತ್ತಿರಲಿಲ್ಲ. ಏನು ಉಳಿಯಬೇಕು, ಯಾವುದು ಮುಂದೆ, ಯಾವುದು ಹಿಂದೆ ಎನ್ನುವುದನ್ನು ಆಗಲೇ ತೀರ್ಮಾನಿಸಬೇಕಿತ್ತು.

ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬ ಊರಿನ ತಮ್ಮ ಮನೆಯಲ್ಲಿ ಈ ಯಂತ್ರದ ಮುಂದೆ ಕೂತರು. ಜೊತೆಗಿದ್ದದ್ದು ಎರಡು ಮೈಕು, ಒಂದು ಅಕೌಸ್ಟಿಕ್ ಗಿಟಾರು, ಮೌತ್ ಆರ್ಗನ್ ಮತ್ತು ಕೆಲವು ಸಣ್ಣ ವಾದ್ಯಗಳು. ಹಾಡುಗಳ ಕರಡನ್ನು ಮಾಡಿಕೊಂಡು, ಆಮೇಲೆ ವಾದ್ಯಮೇಳದೊಂದಿಗೆ ಸ್ಟುಡಿಯೊದಲ್ಲಿ ಸರಿಯಾಗಿ ಮುದ್ರಿಸುವುದು ಅವರ ಯೋಚನೆ. ಮೇಳ ಬಂತು, ಮುದ್ರಣವೂ ಆಯಿತು. ಕ್ಯಾಸೆಟ್ಟಿನಲ್ಲಿದ್ದ ಜೀವ ಮಾತ್ರ ಅಲ್ಲಿಗೆ ಬರಲಿಲ್ಲ. ಕವಚವೂ ಇಲ್ಲದೆ ಅವರ ಜೇಬಿನಲ್ಲಿ ತಿರುಗಾಡುತ್ತಿದ್ದ ಅದೇ ಕ್ಯಾಸೆಟ್ ಕೊನೆಗೆ ಆಲ್ಬಮ್ ಆಯಿತು. ಅಷ್ಟು ಕಡಿಮೆ ಮಟ್ಟದಲ್ಲಿ ಮುದ್ರಿತವಾದ ನಾದವನ್ನು ಗ್ರಾಮಫೋನ್ ತಟ್ಟೆಗೆ ಇಳಿಸಲು ತಂತ್ರಜ್ಞರು ಹೆಣಗಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ನೆಬ್ರಾಸ್ಕಾ’ ಹೊರಬಂತು. ಮನೆಯಲ್ಲಿ ಮಾಡಿದ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಹಾಡುವವರಿಗೆ, ತಂತಿ ಮೀಟುವವರಿಗೆ ಹೀಗೆ ದಾರಿ ಸಿಕ್ಕಿತು. ತಾಳವಾದ್ಯ ನುಡಿಸಬಲ್ಲವರು ಪಕ್ಕದಲ್ಲಿಲ್ಲದಿದ್ದರೆ? ಆ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಇಕುತಾರೊ ಕಾಕೆಹಾಶಿ. 1930ರಲ್ಲಿ ಹುಟ್ಟಿ ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಗಡಿಯಾರ, ರೇಡಿಯೊ ರಿಪೇರಿ ಮಾಡುತ್ತ, ನಡುವೆ ಕ್ಷಯರೋಗದೊಂದಿಗೆ ಸೆಣಸಿ ಮೇಲೆದ್ದ ಮನುಷ್ಯ. 1972ರಲ್ಲಿ ಒಸಾಕಾದಲ್ಲಿ ರೋಲ್ಯಾಂಡ್ ಕಂಪನಿ ಕಟ್ಟಿದರು. 1980ರಲ್ಲಿ ಆ ಕಂಪನಿಯಿಂದ ಬಂದ ಡ್ರಮ್ ಯಂತ್ರ ಟಿಆರ್-808. ಅದೇ ಹೊತ್ತಿಗೆ ರೋಜರ್ ಲಿನ್ ಎಂಬ ಅಮೆರಿಕನ್ ತಂತ್ರಜ್ಞ ರೂಪಿಸಿದ ಎಲ್‌ಎಂ-1 ನಿಜವಾದ ಡ್ರಮ್ಮುಗಳ ಮುದ್ರಿತ ನಾದವನ್ನೇ ನುಡಿಸುತ್ತಿತ್ತು. ಅದರ ಬೆಲೆ ಸುಮಾರು 5,000 ಡಾಲರ್. 808ರ ಬೆಲೆ 1,195 ಡಾಲರ್. ಅಷ್ಟು ಬೆಲೆಗೆ ಮುದ್ರಿತ ನಾದ ತುಂಬಲು ಸಾಧ್ಯವಿರಲಿಲ್ಲ. ಹಾಗಾಗಿ ವಿದ್ಯುತ್ ಮಂಡಲಗಳಿಂದಲೇ ಡ್ರಮ್ಮಿನ ನಾದ ಹುಟ್ಟಿಸಿದರು. ಬೇರೆಯವರು ಕಸವೆಂದು ಬದಿಗಿಡುತ್ತಿದ್ದ ದೋಷವುಳ್ಳ ಟ್ರಾನ್ಸಿಸ್ಟರುಗಳನ್ನು ಕಾಕೆಹಾಶಿ ಬೇಕೆಂದೇ ಕೊಂಡರು. 808ರ ಸೀಳುವ ಹಿಸ್ಸೆನ್ನುವ ನಾದ ಬಂದದ್ದು ಅವುಗಳಿಂದ.

ಆ ಯಂತ್ರದ ಕೆಳಸಾಲಿನಲ್ಲಿ 16 ಗುಂಡಿಗಳು. ಕೆಂಪು ನಾಲ್ಕು, ಕಿತ್ತಳೆ ನಾಲ್ಕು, ಹಳದಿ ನಾಲ್ಕು, ಬಿಳಿ ನಾಲ್ಕು. ನಾಲ್ಕು ಪೆಟ್ಟಿನ ಒಂದು ಆವರ್ತ, ಒಂದೊಂದು ಪೆಟ್ಟಿಗೂ ಚತುರಶ್ರ ನಡೆಯ ನಾಲ್ಕು ಮಾತ್ರೆ. ಎಲ್ಲಿ ಪೆಟ್ಟು ಬೀಳಬೇಕೋ ಅಲ್ಲಿಯ ಗುಂಡಿ ಒತ್ತಿದರೆ ಅದರ ದೀಪ ಹೊತ್ತಿಕೊಳ್ಳುತ್ತದೆ, ಆವರ್ತ ತಿರುಗುತ್ತಲೇ ಇರುತ್ತದೆ. ಸ್ವರಲಿಪಿ ಬಾರದವರಿಗೂ ತಾಳ ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿತ್ತು. ಆದರೆ ನಿಜವಾದ ಡ್ರಮ್ಮಿನಂತೆ ಕೇಳಿಸುವುದಿಲ್ಲವೆಂದು ಕೊಳ್ಳುವವರು ಹಿಂಜರಿದರು. ಸುಮಾರು 12,000 ಯಂತ್ರಗಳು ಮಾರಾಟವಾಗಿ 1983ರಲ್ಲಿ ತಯಾರಿಕೆ ನಿಂತಿತು. ಅರೆವಾಹಕ ತಯಾರಿಕೆ ಸುಧಾರಿಸಿದ್ದರಿಂದ ಬೇಕಾದ ಆ ದೋಷದ ಟ್ರಾನ್ಸಿಸ್ಟರುಗಳೇ ಸಿಗದಂತಾದದ್ದೂ ಅದಕ್ಕೊಂದು ಕಾರಣ. ಹಳೆಯ ಸಾಮಾನಿನ ಅಂಗಡಿ ಸೇರಿದ 808 ಅಲ್ಲಿಂದ ಬಡ ಬಡಾವಣೆಗಳ ಹುಡುಗರ ಕೈ ಸೇರಿತು. ಇಂದು ಹಿಪ್‌ಹಾಪ್ ಎಂದರೆ ನೆನಪಾಗುವ ಆ ಆಳವಾದ ಗುಂ ನಾದ ಅದರದ್ದೇ.

ರೋಲ್ಯಾಂಡಿನ ಇನ್ನೊಂದು ಪೆಟ್ಟಿಗೆಯ ಕಥೆ ಮುಂಬೈಯನ್ನೂ ಮುಟ್ಟುತ್ತದೆ. ತದಾವೊ ಕಿಕುಮೊಟೊ ವಿನ್ಯಾಸಗೊಳಿಸಿದ ಟಿಬಿ-303 ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸ್ ಗಿಟಾರಿನ ಸಾಥ್ ಕೊಡಲೆಂದು ಬಂದದ್ದು. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ, ಮೇಲೆ ಸಾಲಾಗಿ ಆರು ಸಣ್ಣ ನಾಬುಗಳು. ಸ್ವರಗಳನ್ನು ಮೊದಲು ತುಂಬಿಸಬೇಕು, ಅವುಗಳ ಕಾಲವನ್ನು ಆಮೇಲೆ ಬೇರೆಯಾಗಿ ತುಂಬಿಸಬೇಕು. ಒಂದು ಹೆಜ್ಜೆ ತಪ್ಪಿದರೂ ಅಂದುಕೊಂಡಿರದ ಸಂಚಾರವೊಂದು ಹೊರಡುತ್ತಿತ್ತು. ಬೇಸ್ ಗಿಟಾರಿನ ಹೋಲಿಕೆಯಂತೂ ಸ್ವಲ್ಪವೂ ಇರಲಿಲ್ಲ. 1984ರ ಹೊತ್ತಿಗೆ ಇದರ ತಯಾರಿಕೆಯೂ ನಿಂತಿತು.

ಮುಂಬೈ ಚಿತ್ರಗೀತೆಗಳ ವಾದ್ಯಮೇಳಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಸಿಂಗಪುರದಿಂದ ಈ 303ನ್ನು ತಂದರು. ಜೊತೆಗೆ 808 ಮತ್ತು ಜ್ಯೂಪಿಟರ್-8 ಸಿಂಥಸೈಸರ್ ಇತ್ತು. ಚಿತ್ರರಂಗದಲ್ಲಿ ಆಗ ಡಿಸ್ಕೊ ಹುಚ್ಚು. ಡಿಸ್ಕೊ ಲಯಕ್ಕೆ ರಾಗ ಕೂರಿಸಿದರೆ ಹೇಗೆ ಎಂದು ಅವರಿಗನ್ನಿಸಿತು. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವ ಸೌಲಭ್ಯವಿದೆ. ಹಿಂದೂಸ್ತಾನಿಯವರು ಮೀಂಡ್ ಎನ್ನುವ, ಕರ್ನಾಟಕ ಸಂಗೀತದವರು ಜಾರು ಎನ್ನುವ ಗಮಕಕ್ಕೆ ಅದು ಹತ್ತಿರದ್ದು. ಭೈರವಿ, ಯಮನ್, ಭೂಪಾಲಿ, ಮಾಲ್ಕೌಂಸ್ ಸೇರಿ ಹತ್ತು ರಾಗಗಳ ಆ ತಟ್ಟೆ 1982ರಲ್ಲಿ ಹೊರಬಂತು, ಹೆಚ್ಚು ಮಾರಾಟವಾಗದೆ ಮರೆಯಾಯಿತು. 2010ರಲ್ಲಿ ಮರುಮುದ್ರಣವಾದಾಗ ಪಾಶ್ಚಾತ್ಯ ಕೇಳುಗರು ಬೆರಗಾದರು. ಅವರು ಆ್ಯಸಿಡ್ ಹೌಸ್ ಎಂದು ಕರೆಯುವ ಸಂಗೀತಕ್ಕೆ ಅಷ್ಟು ಹೋಲುವ ನಾದ ಅದಕ್ಕೂ ಐದು ವರ್ಷ ಮೊದಲೇ ಮುಂಬೈಯಲ್ಲಿ ಮೂಡಿತ್ತು!

ಅದಾವುದರ ಸಂಬಂಧವೂ ಇಲ್ಲದೆ ಚಿಕಾಗೋದ ಫ್ಯೂಚರ್ ಎಂಬ ತಂಡದ ಮೂವರು ಯುವಕರು ಸೆಕೆಂಡ್‌ಹ್ಯಾಂಡ್ 303 ಒಂದನ್ನು ಕೊಂಡಿದ್ದರು. ಯಂತ್ರ ನುಡಿಯುತ್ತಿರುವಾಗಲೇ ಅದರ ನಾಬುಗಳನ್ನು ತಿರುವುತ್ತ ಹೋದರು. ನಾದ ಕಿರುಚಿತು, ಗುಳುಗುಳಿಸಿತು, ತೆರೆದುಕೊಂಡಿತು, ಮುಚ್ಚಿಕೊಂಡಿತು. 1987ರ ‘ಆ್ಯಸಿಡ್ ಟ್ರ್ಯಾಕ್ಸ್’ ಹುಟ್ಟಿದ್ದು ಹಾಗೆ, ಆ ಪ್ರಕಾರಕ್ಕೆ ಹೆಸರು ಬಂದದ್ದೂ ಅದರಿಂದ. ಅಲ್ಲಿ ನಾಬೇ ವಾದ್ಯವಾಗಿತ್ತು.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ, ಅದನ್ನು ನೆನೆಯುವವರು ಕಡಿಮೆ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಕೊಳಲುವಾದಕ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿದರು. ಅವರು ಕಟ್ಟಿದ ರಾಡೆಲ್ ಕಂಪನಿಯಿಂದ ಎಲೆಕ್ಟ್ರಾನಿಕ್ ತಂಬೂರಿ, ತಬಲಾ ಠೇಕಾ ನುಡಿಸುವ ತಾಲ್‌ಮಾಲಾ ಬಂದವು. ಶ್ರುತಿಗೊಂದು ನಾಬು, ಮೀಟಿನ ವೇಗಕ್ಕೊಂದು, ಪಂಚಮವೋ ಮಧ್ಯಮವೋ ಎಂಬ ಆಯ್ಕೆಗೊಂದು. ತಂಬೂರಿ ಹಿಡಿಯಲು ಇನ್ನೊಬ್ಬರಿಲ್ಲದ ಮನೆಯಲ್ಲಿ, ಮುಂಜಾನೆ ಒಬ್ಬರೇ ಸಾಧನೆಗೆ ಕೂರುವ ವಿದ್ಯಾರ್ಥಿಗೆ ಈ ಪೆಟ್ಟಿಗೆಗಳು ಆಸರೆಯಾದವು. ಕಚೇರಿಯ ವೇದಿಕೆಗೂ ಏರಿದವು. ಧ್ವನಿಮುದ್ರಣ ಇವುಗಳ ಗುರಿಯಾಗಿರಲಿಲ್ಲ. ಒಬ್ಬ ಮನುಷ್ಯ, ಒಂದು ಕೋಣೆ, ಕೈಗೆಟುಕುವ ಬೆಲೆ, ಬೆರಳಿಗೆ ಸಿಗುವ ನಾಬು ಎನ್ನುವ ಲೆಕ್ಕಾಚಾರ ಮಾತ್ರ ಒಸಾಕಾದಲ್ಲಿ ಹೇಗೋ ಬೆಂಗಳೂರಿನಲ್ಲೂ ಹಾಗೆಯೇ ಇತ್ತು.

ಇನ್ನೂ ಅಗ್ಗದ ಯಂತ್ರವೊಂದು ಒಂದು ದೇಶದ ಸಂಗೀತದ ದಿಕ್ಕನ್ನೇ ಬದಲಿಸಿತು. ಕ್ಯಾಸಿಯೊ 1981ರಲ್ಲಿ ಹೊರತಂದ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನ ಸಿದ್ಧ ಲಯಗಳನ್ನು ರಚಿಸಿದವರು ಹಿರೊಕೊ ಒಕುಡಾ. ಸಂಗೀತ ವಿದ್ಯಾಲಯದಲ್ಲಿ ಜಮೈಕಾದ ರೆಗೆ ಸಂಗೀತದ ಕುರಿತು ಪ್ರಬಂಧ ಬರೆದು ಆಗಷ್ಟೇ ಕೆಲಸಕ್ಕೆ ಸೇರಿದ್ದ ತರುಣಿ. ಜಮೈಕಾದಲ್ಲಿ ಗಾಯಕ ವೇಯ್ನ್ ಸ್ಮಿತ್ ಮತ್ತು ಗೆಳೆಯ ನೋಯಲ್ ಡೇವಿ ಅದರ ‘ರಾಕ್’ ಲಯವನ್ನು ಕಂಡುಕೊಂಡು ನಿರ್ಮಾಪಕ ಕಿಂಗ್ ಜಾಮಿಯ ಬಳಿಗೆ ಒಯ್ದರು. ಅವರು ಅದರ ವೇಗ ತಗ್ಗಿಸಿದರು. 1985ರಲ್ಲಿ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಹೊರಬಿದ್ದ ಮೇಲೆ ಜಮೈಕಾದ ನಿರ್ಮಾಪಕರು ಯಂತ್ರದ ಲಯಗಳತ್ತ ಹೊರಳಿದರು. ಅದೇ ಲಯದ ಮೇಲೆ ನೂರಾರು ಹಾಡುಗಳು ಬಂದವು.

ಇಷ್ಟೆಲ್ಲ ಯಂತ್ರಗಳಿದ್ದರೂ ಒಂದು ಕಂಪನಿಯದು ಇನ್ನೊಂದರ ಮಾತು ಕೇಳುತ್ತಿರಲಿಲ್ಲ. ಕಾಕೆಹಾಶಿ ಮತ್ತು ಸೀಕ್ವೆನ್ಶಿಯಲ್ ಸರ್ಕಿಟ್ಸ್ ಕಂಪನಿಯ ಡೇವ್ ಸ್ಮಿತ್ ಮುಂದಾಳಾಗಿ ಸ್ಪರ್ಧಿಗಳನ್ನೆಲ್ಲ ಒಪ್ಪಿಸಿ ಮಿಡಿ ಎಂಬ ಸಂಪರ್ಕ ವ್ಯವಸ್ಥೆ ರೂಪಿಸಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಗಳ ವ್ಯಾಪಾರ ಮೇಳವೊಂದರಲ್ಲಿ ಸ್ಮಿತ್ ಅವರ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜ್ಯೂಪಿಟರ್-6 ಒಂದೇ ಕೇಬಲ್ಲಿನಿಂದ ಕೂಡಿ ನುಡಿದವು. ಬಳಸುವ ಕಂಪನಿಗಳಿಂದ ಗೌರವಧನ ಕೇಳದೆ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮನೆಯಲ್ಲಿ ಸಂಗೀತ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾರೂ ಮಾಡಿಲ್ಲ. ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು.

ನಂತರ ಬಂದದ್ದು ಮುದ್ರಿತ ನಾದದ ತುಣುಕುಗಳನ್ನು ತುಂಬಿಕೊಂಡು ನುಡಿಸುವ ಸ್ಯಾಂಪ್ಲರುಗಳ ಕಾಲ. 1987ರ ಇ-ಮು ಎಸ್‌ಪಿ-1200ರಲ್ಲಿ ತುಂಬಬಹುದಾದ ನಾದ ಒಟ್ಟು ಹತ್ತು ಸೆಕೆಂಡು ಮಾತ್ರ. ನ್ಯೂಯಾರ್ಕಿನ ಹಿಪ್‌ಹಾಪ್ ನಿರ್ಮಾಪಕರು 33ರ ವೇಗದ ತಟ್ಟೆಯನ್ನು 45ರಲ್ಲಿ ತಿರುಗಿಸಿ ಬೇಗ ಬೇಗ ತುಂಬಿಕೊಂಡು, ಯಂತ್ರದೊಳಗೆ ಮತ್ತೆ ನಿಧಾನಿಸುತ್ತಿದ್ದರು. ಹಾಗೆ ಮಾಡಿದಾಗ ನಾದಕ್ಕೊಂದು ಒರಟುತನ ಅಂಟಿಕೊಂಡಿತು, ಜನ ಅದನ್ನೇ ಮೆಚ್ಚಿದರು. ಮರುವರ್ಷ ರೋಜರ್ ಲಿನ್ ವಿನ್ಯಾಸದ ಅಕಾಯ್ ಎಂಪಿಸಿ60 ಬಂತು. ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16 ರಬ್ಬರ್ ಪ್ಯಾಡುಗಳು. ಹೊಸದಿದ್ದಾಗ ಇವೆರಡೂ ಸಾವಿರಾರು ಡಾಲರಿನ ಯಂತ್ರಗಳೇ. ಆದರೆ ಬೆರಳಿನಿಂದ ಬಡಿದು ಲಯ ಕಟ್ಟುವ ಆ ಪ್ಯಾಡುಗಳ ಜೋಡಣೆ ಇಂದಿನ ಅತಿ ಅಗ್ಗದ ಕಂಟ್ರೋಲರಿನವರೆಗೂ ಉಳಿದುಬಂದಿದೆ. ಡೆಟ್ರಾಯಿಟಿನ ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾ ತಾಳದ ಪೆಟ್ಟುಗಳನ್ನು ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿ ಯಂತ್ರಕ್ಕೆ ಮನುಷ್ಯನ ನಡಿಗೆ ಕಲಿಸಿದರು. ಅವರ ಎಂಪಿಸಿ3000 ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

1990ರ ದಶಕದ ಕೊನೆಗೆ ಇವೆಲ್ಲ ಕಂಪ್ಯೂಟರಿನೊಳಗೆ ಸೇರಿದವು. ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ 1997ರಲ್ಲಿ ತಂದ ರೀಬರ್ತ್ ತಂತ್ರಾಂಶ 303 ಮತ್ತು 808ನ್ನು ತೆರೆಯ ಮೇಲೆ ತೋರಿಸಿತು. ಟ್ರ್ಯಾಕುಗಳ ಮಿತಿ ಹೋಯಿತು, ಖರ್ಚು ಇಳಿಯಿತು. ಹತ್ತು ಬೆರಳಿನ ಕೆಲಸ ಮಾತ್ರ ಒಂದು ಮೌಸಿಗೆ ಬಂದು ನಿಂತಿತು. ಎರಡು ನಾಬನ್ನು ಒಟ್ಟಿಗೆ ತಿರುವುವ ಸುಖ ಮೌಸಿನಲ್ಲಿಲ್ಲ.

ಆ ಕೊರತೆಯನ್ನು ತುಂಬಲು ಸಣ್ಣ ಯಂತ್ರಗಳು ಮರಳಿದವು. ಕೋರ್ಗ್ 2010ರಲ್ಲಿ ತಂದ ಮೊನೊಟ್ರಾನ್ ಅಂಗೈಯಗಲದ್ದು, ಅದರಲ್ಲಿ ಐದೇ ನಾಬು. 2013ರಲ್ಲಿ ತತ್ಸುಯಾ ತಾಕಾಹಾಶಿ ಮುಂದಾಳತ್ವದಲ್ಲಿ ಅದೇ ಕಂಪನಿಯ ವೋಲ್ಕಾ ಸರಣಿ ಬಂತು. ಕೀಸ್, ಬೇಸ್, ಬೀಟ್ಸ್ ಎಂಬ ಮೂರು ಪೆಟ್ಟಿಗೆಗಳು, ಒಂದೊಂದಕ್ಕೂ ಒಂದೊಂದೇ ಕೆಲಸ, ಬ್ಯಾಟರಿಯಲ್ಲೇ ನಡೆಯುತ್ತವೆ, ಒಂದರ ಲಯಕ್ಕೆ ಇನ್ನೊಂದು ಹೆಜ್ಜೆ ಹಾಕುತ್ತದೆ. ಸ್ಟಾಕ್‌ಹೋಮಿನ ಟೀನೇಜ್ ಎಂಜಿನಿಯರಿಂಗ್ 2015ರಲ್ಲಿ ಪಾಕೆಟ್ ಆಪರೇಟರ್ ತಂದಿತು. ಹೊರಕವಚವೇ ಇಲ್ಲದ ಸರ್ಕಿಟ್ ಬೋರ್ಡು, ಎರಡು ನಾಬು, ಸಾಲು ಗುಂಡಿಗಳು, ಕ್ಯಾಲ್ಕುಲೇಟರಿನಂಥ ತೆರೆ, ಆಗಿನ ಬೆಲೆ 59 ಡಾಲರ್. ಬೆಹ್ರಿಂಗರ್ ಕಂಪನಿ 2019ರಲ್ಲಿ 303ರ ಪಡಿಯಚ್ಚನ್ನೇ ಅಗ್ಗಕ್ಕೆ ತಂದಿತು. ಮೂಲ 303 ಈಗ ಸಂಗ್ರಾಹಕರ ನಡುವೆ ಸಾವಿರಾರು ಡಾಲರಿಗೆ ಕೈ ಬದಲಿಸುತ್ತದೆ.

ನಾಲ್ಕು ದಶಕಗಳ ಈ ಕಥೆಯಿಂದ ಕೊಳ್ಳುವವರಿಗೆ ಸಿಗುವ ಮಾತು ನೇರವಾಗಿದೆ. ನಿಜವಾದ ವಾದ್ಯದ ತದ್ರೂಪು ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. 808 ಮತ್ತು 303 ಗೆದ್ದದ್ದು ತದ್ರೂಪಾಗಿದ್ದರಿಂದಲ್ಲ. ಒಂದು ನಾಬಿಗೆ ಒಂದೇ ಕೆಲಸ ಇದೆಯೇ, ಬೇರೆ ಯಂತ್ರದ ಜೊತೆ ಕೂಡಿಸಲು ಮಿಡಿ ಅಥವಾ ಸಿಂಕ್ ಕಿಂಡಿ ಇದೆಯೇ, ಕಂಪ್ಯೂಟರಿನ ಹಂಗಿಲ್ಲದೆ ನುಡಿಯುತ್ತದೆಯೇ, ಹೆಡ್‌ಫೋನಿಗೆ ಜಾಗವಿದೆಯೇ ಎಂದು ನೋಡಿದರೆ ಸಾಕು. ಹಾಡುವವರಾದರೆ ಡ್ರಮ್ ಯಂತ್ರಕ್ಕಿಂತ ಮೊದಲು ಒಳ್ಳೆಯ ಮೈಕಿಗೆ ದುಡ್ಡು ಹಾಕುವುದು ಲೇಸು. ಸೆಕೆಂಡ್‌ಹ್ಯಾಂಡ್ ಯಂತ್ರವಾದರೆ ಪ್ರತಿಯೊಂದು ನಾಬನ್ನೂ ತಿರುವಿ, ಪ್ರತಿಯೊಂದು ಗುಂಡಿಯನ್ನೂ ಒತ್ತಿ, ನಾದದಲ್ಲಿ ಕರಕರ ಸದ್ದು ಬರುತ್ತದೆಯೇ ಎಂದು ಕೇಳಿಯೇ ಹಣ ಕೊಡಬೇಕು. ಮೊದಲ ಸಲ ಒಂದೇ ಯಂತ್ರ ಕೊಳ್ಳಿ. ಎರಡನೆಯದರ ಬೆಲೆ ವಿಚಾರಿಸುವ ಮುನ್ನ ಅದರಲ್ಲಿ ಒಂದು ಹಾಡನ್ನು ಪೂರ್ತಿ ಮುಗಿಸಿ, ನಾಲ್ಕು ಜನರಿಗೆ ಕೇಳಿಸಿ.