ಲೋನಾಡಿನ ಬಯಲಲ್ಲಿ ರಟ್ಟರ ನೆನಪು

ಕಲ್ಯಾಣದಿಂದ ಉಲ್ಲಾಸ್ ನದಿ ದಾಟಿ ಭಿವಂಡಿಯ ಕಡೆ ಹೊರಟರೆ ಗೋದಾಮುಗಳ ಸಾಲು ಮುಗಿಯುವುದೇ ಇಲ್ಲ. ಆ ತಗಡಿನ ಚಾವಣಿಗಳ ಹಿಂದೆ ಲೋನಾಡ್ ಎಂಬ ಹಳ್ಳಿಯಿದೆ. ಡೊಂಬಿವಲಿಗೆ ಮದುವೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡ ನನಗೆ ಆ ದಾರಿ ತೋರಿಸಿದ್ದು ಮಗಳ ಜಿಯೋಕ್ಯಾಶಿಂಗ್ ಹುಚ್ಚು.

ಆಟ ಸರಳ. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಡುತ್ತಾರೆ. ಜನಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳ ಆರಂಭದಲ್ಲಿ ತೆಗೆದುಹಾಕಿತು. ಅದಾದ ಕೂಡಲೇ ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಿನಂಚಿನಲ್ಲಿ ಬಕೆಟ್ಟೊಂದನ್ನು ಇಟ್ಟರು. ಶುರುವಾದದ್ದು ಹಾಗೆ. ನಾವು ತಾಯಿ ಮಗಳು ಡಬ್ಬಿಯ ಬದಲು, ಇಲ್ಲಿನ ಕನ್ನಡಿಗರಿಗಾಗಿ ಹಳೆಯ ಶಾಸನಕಲ್ಲುಗಳ ಜಾಗ ಗುರುತು ಮಾಡಿದೆವು. ಒಂದೊಂದು ಜಾಗಕ್ಕೂ ಒಂದು ಪ್ರಶ್ನೆ: ಕಲ್ಲಿನ ಮೇಲೆ ಕೊರೆದ ಸೂರ್ಯ ಎಡಕ್ಕಿದ್ದಾನೋ, ಬಲಕ್ಕೋ? ಕಲ್ಲಿನೆದುರು ಕೂತು ನೋಡದ ಹೊರತು ಉತ್ತರ ಸಿಗದು.

ಅಂಬರನಾಥದ 1060ರ ಶಿವಾಲಯಕ್ಕೆ ಫಲಕವಿದೆ, ಭಕ್ತರಿದ್ದಾರೆ, ಆಟೋ ಸಿಗುತ್ತದೆ. ಲೋನಾಡಿಗೆ ಇವೆಲ್ಲ ಇಲ್ಲ. ಆದರೆ ಕನ್ನಡಿಗರು ಮೊದಲು ಹೋಗಬೇಕಾದ್ದು ಅಲ್ಲಿಗೇ ಎಂದು ನಾನು ನಂಬಿದ್ದೇನೆ. ಠಾಣೆಯನ್ನು ನೆಲೆಮಾಡಿಕೊಂಡಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿಯ ಗುಹಾಶಾಸನಗಳಲ್ಲಿ ಅವರ ಹೆಸರು ನಮ್ಮ ಅಮೋಘವರ್ಷನ ಹೆಸರಿನ ಜೊತೆಗೇ ಬರುತ್ತದೆ. 973ರಲ್ಲಿ ಚಾಲುಕ್ಯ ತೈಲಪನ ಕೈಯಲ್ಲಿ ರಾಷ್ಟ್ರಕೂಟರು ಸೋತರು. ಶಿಲಾಹಾರ ಅಪರಾಜಿತ 997ರಲ್ಲಿ ಭಿವಂಡಿ ಸೀಮೆಯ ಭಾದಾಣೆ ಎಂಬ ಹಳ್ಳಿಯನ್ನು ಲೋನಾಡಿನ ಸೂರ್ಯದೇವರಿಗೆ, ಲೋಣಾದಿತ್ಯನಿಗೆ, ದಾನ ಬಿಟ್ಟ. ತಾಮ್ರಪಟದಲ್ಲಿ ತನ್ನ ವಂಶ ಹೇಳುವ ಮುಂಚೆ ಆತ ಬರೆಸಿದ್ದು ಅಳಿದುಹೋದ ಒಡೆಯರ ವಂಶಾವಳಿಯನ್ನು, ರಟ್ಟರ, ಎಂದರೆ ರಾಷ್ಟ್ರಕೂಟರ, ವೈಭವ ಹೆಸರಿಗಷ್ಟೇ ಉಳಿಯಿತಲ್ಲ ಎಂಬ ಕೊರಗಿನೊಂದಿಗೆ. ಹೊಸ ಚಕ್ರವರ್ತಿಯನ್ನು ಹೊಗಳಿ ಲಾಭ ಮಾಡಿಕೊಳ್ಳಬಹುದಾದ ಕಾಲದಲ್ಲಿ, ಅವರ ರಾಜಧಾನಿ ಮಳಖೇಡದಿಂದ ಇಷ್ಟು ದೂರದಲ್ಲಿ! ಇದನ್ನು ಓದಿದ ದಿನ ನನಗೆ ಗಂಟಲು ಕಟ್ಟಿತ್ತು.

ಲೋನಾಡಿನ ಗುಡ್ಡದ ಬೌದ್ಧ ಗುಹೆಯಲ್ಲಿ ಈಗ ದೇವಿಗೆ ಪೂಜೆ. ಪಕ್ಕದ ಚೌಧರಪಾಡಾದಲ್ಲಿ ಸಿಕ್ಕ ಶಾಸನ ಶಿಲಾಹಾರ ಕೇಶಿದೇವನದು, ಶಕ 1161ರದು. ಈ ಸೀಮೆಯ ಹಳ್ಳಿಗಳಲ್ಲಿ ಗಧೇಗಾಳ್ ಎಂಬ ಕಲ್ಲುಗಳೂ ಇವೆ. ನಾವು ಕಂಡ ಒಂದರ ಊರಿನ ಹೆಸರನ್ನು ಹೇಳುವುದಿಲ್ಲ. ಮೊಬೈಲು ನಮ್ಮನ್ನು ಗದ್ದೆಯ ಬದುವಿನವರೆಗೆ ತಂದು ಅಲ್ಲೇ ಸುತ್ತು ಹೊಡೆಸಿತು. ಹುಲ್ಲು ಹೊತ್ತು ಬರುತ್ತಿದ್ದ ಅಜ್ಜಿಯನ್ನು ಕೇಳಿದೆ: "ಮಾವ್‌ಶಿ, ಅಕ್ಷರ ಕೊರೆದ ಕಲ್ಲು ಎಲ್ಲಿದೆ?" "ಅಕ್ಷರ ಗೊತ್ತಿಲ್ಲ ಬಾಯಿ, ನಮ್ಮ ದೇವಿ ಅಲ್ಲಿದ್ದಾಳೆ" ಎಂದು ಹುಣಸೆಮರ ತೋರಿಸಿದಳು.

ಕಲ್ಲು ಮೊಣಕಾಲುದ್ದ ಮಣ್ಣಿನ ಮೇಲಿತ್ತು. ತಲೆಯ ಮೇಲೆ ಸೂರ್ಯ, ಚಂದ್ರ, ನಡುವೆ ಕಲಶ. ಕೆಳಗೆ ಸವೆದ ಸಾಲುಗಳು. ಅದಕ್ಕೂ ಕೆಳಗೆ, ಸಿಂಧೂರದ ದಪ್ಪ ಪದರದಡಿ, ಹೆಂಗಸಿನ ಮೇಲೇರಿದ ಕತ್ತೆ. ದತ್ತಿ ಕಿತ್ತುಕೊಂಡವನ ತಾಯಿಗೆ ಈ ಗತಿ ಬರಲಿ ಎಂಬ ಶಾಪವದು. ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂದು ನಮ್ಮ ಕನ್ನಡ ಶಾಸನಗಳ ಕೊನೆಯಲ್ಲೂ ಬರೆಯುತ್ತಿದ್ದರು. ಇಲ್ಲಿ ಅಕ್ಷರ ಬಾರದವನಿಗೂ ತಿಳಿಯಲೆಂದು ಚಿತ್ರವನ್ನೇ ಕೊರೆದರು. ಆಸ್ತಿಯ ಜಗಳದ ಬೆಲೆ ತೆರಬೇಕಾದ್ದು ಆಗಲೂ ಹೆಣ್ಣಿನ ಮಾನವೇ. ಅದು ನನ್ನನ್ನು ಇಂದಿಗೂ ಕಾಡುತ್ತದೆ. ಇಂಥ ಕಲ್ಲನ್ನು ಕೆಲವು ಊರಲ್ಲಿ ಅಪಶಕುನವೆಂದು ಬೋರಲು ಹಾಕುತ್ತಾರೆ, ಕೆಲವೆಡೆ ದೇವಿಯೆಂದು ಸಿಂಧೂರ ಬಳಿಯುತ್ತಾರೆ. ಬಳಿದದ್ದರಿಂದಲೇ ಈ ಕಲ್ಲು ಉಳಿದಿದೆ. ಹಾಗಾಗಿ ಸಿಂಧೂರ ಕೆರೆಯಲು ಹೊರಟ ಹುಡುಗರನ್ನು ನಾನು ತಡೆಯುತ್ತೇನೆ.

ಜಾಗದ ಗುರುತನ್ನು ಎಲ್ಲರಿಗೂ ಬಿಚ್ಚಿಡುವುದು ಸರಿಯಲ್ಲ. ಶಾಸನವಿದ್ದಲ್ಲಿ ನಿಧಿಯಿದೆ ಎಂದು ರಾತ್ರಿ ಅಗೆಯುವವರಿದ್ದಾರೆ. ನಮ್ಮ ಪಟ್ಟಿಯಲ್ಲಿ ಸಿಗುವುದು ಊರಿನ ಗಾವ್‌ದೇವಿ ಗುಡಿಯ ಗುರುತು ಮಾತ್ರ. ಮುಂದಿನ ದಾರಿ ಊರವರ ಬಾಯಲ್ಲಿ. ಅವರು ಹೇಳುವ ಕೆರೆ, ಗದ್ದೆ, ಪಾಡಾಗಳ ಹೆಸರುಗಳನ್ನು ಮಗಳು ಅಲ್ಲೇ ಬರೆದುಕೊಳ್ಳುತ್ತಾಳೆ. ಹಾಗೆ ಬರೆದಿಡದಿದ್ದರೆ ಹೆಸರುಗಳು ಅಳಿಯುತ್ತವೆ. 1970ರಲ್ಲಿ ಸಿಡ್ಕೋ ಎಂಬ ನಗರ ನಿರ್ಮಾಣ ಸಂಸ್ಥೆ ಹುಟ್ಟಿ ನವಿ ಮುಂಬಯಿ ಎದ್ದಾಗ ಘಣಸೋಲಿ, ತುರ್ಭೆ, ಸಾನ್ಪಾಡಾ ರೈಲು ನಿಲ್ದಾಣದ ಹೆಸರುಗಳಾಗಿ ಉಳಿದವು. ಆ ಊರುಗಳ ಉಪ್ಪಿನಗದ್ದೆಗಳ ಹೆಸರನ್ನು ಈಗ ಅಲ್ಲಿಯ ಮುದುಕರನ್ನೇ ಕೇಳಬೇಕು. ಮಳೆ ನಿಂತ ಮೇಲೆ ನಾವು ಹೊರಡುವುದು ಆ ಕಡೆಗೆ.